ಮಾಲಕರ ಹೆಸರು

ನಿನ್ನ ಅಕ್ಷರ ದುಂಡಗ ಅವ ಅಂತ
ರಜಿಸ್ಟರ್ ನನ್ನ ಕೈಯಾಗ ಇಟ್ಟರು.
ಬ್ಲೌಸಿನ ಅಳತಿ ಬರೆದೂ ಬರೆದೂ ಬಂದ ದುಂಡು ಅದು,
ಓದಿ ಬಂದದ್ದಲ್ಲ.

ಏಪ್ರಿಲ್ಲಿನ ಐತವಾರ. ಬೆಳಿಗ್ಗಿ ಏಳಕ್ಕೇ
ಕಲಬುರಗಿ ಗಂಜಿನ ಡಾಂಬರು ಚಪ್ಪಲಿ ಹಿಡೀತದ.
ಮುಚ್ಚಿದ ದಾಲ್ ಮಿಲ್ಲಿನ ಶೆಡ್ಡು;
ತೊಗರಿ ಹೊಟ್ಟಿನ ಧೂಳು ಗ್ವಾಡಿ ಬಿಟ್ಟಿಲ್ಲ ಇನ್ನೂ.
ಡಾಕ್ಟರ್ ಉಜ್ಮಾ ಡಬ್ಬಿ ತೆರೆದು ಶೀಶೆ ಎಣಿಸ್ತಾಳ.
ಬರ್ಫ ಕೊಟ್ಟವ ಕುಲ್ಫಿ ಗಾಡಿ ಹುಸೇನಪ್ಪ,
ಬಲೆ ವಾಲಿಬಾಲ್ ಹುಡುಗರದು.
ಹಗ್ಗ ಬ್ಯಾಡ, ಕೊಳ್ಳು ಕೊಯ್ತದ, ಮೆತ್ತನ ದುಪಟ್ಟಾ ತರ್ರಿ ಅಂದಿದ್ಲು;
ಓಣಿಯ ಹಳೇ ದುಪಟ್ಟಾ ಎಲ್ಲ ಬಂದು ಬಿದ್ದಾವ,
ಅರ್ಧಕ್ಕರ್ಧ ನಾನೇ ಪಿಕೋ ಮಾಡಿದ್ದು.

ಕಾಲಂ ಐದು:
ನಾಯಿಯೋ ಬೆಕ್ಕೋ, ಬಣ್ಣ, ಗಂಡೋ ಹೆಣ್ಣೋ, ವಯಸ್ಸು ಅಂದಾಜು,
ಮಾಲಕರ ಹೆಸರು.

ಮೊದಲಿಗಿ ಸಾಕಿದವು ಬಂದವು, ಸ್ನಾನ ಮಾಡಿಸ್ಕೊಂಡು.
ಬ್ಯಾಂಕಿನವರ ಟೈಸನ್ ಸೂಜಿ ಕಂಡು
ನಿಂತಲ್ಲೇ ಉಚ್ಚಿ ಹೊಯ್ದಿತು.
ಲಾಲಬೀಯ ಬೆಕ್ಕು ಬಂದದ್ದು ಬ್ಯಾಳಿ ಚೀಲದಾಗ,
ಹೊರಗ ಮೂತಿ ಮಾತ್ರ,
ಚೀಲದ ಮ್ಯಾಲ ಅಚ್ಚು: ನಿವ್ವಳ ಐವತ್ತು ಕೆ.ಜಿ.

ಆಮ್ಯಾಲ ಬೀದಿಯವು.
ಯಾರದು?
ಯಾರದೂ ಅಲ್ಲಕ್ಕಾ, ಇಲ್ಲೇ ಇರ್ತದ.
ನಾನು ಗೆರಿ ಎಳದೆ.
ಇದು?
ಇದೂ ಇಲ್ಲೇ ಇರ್ತದ.
ಮತ್ತ ಗೆರಿ.
ಹತ್ತು ಗಂಟೆ ಅನ್ನೋದ್ರಾಗ ಪುಟದ ಬಲಗಡಿ
ಕಚ್ಚಾ ಹೊಲಿಗಿ ಹಾಕಿದಂಗ ಕಾಣ್ತಿತ್ತು.

ಆಗ ಬಂದ ಧೂಳಪ್ಪ, ಗಂಜಿನ ಹಮಾಲ.
ನೂರು ಕಿಲೋ ಹೊರೋ ಹೆಗಲ ಮ್ಯಾಲ
ಹದಿನೈದು ಕಿಲೋ ಕರೀ ನಾಯಿ,
ಇಳಿಸೋವಾಗ ಮಾತ್ರ ಚೀಲ ಒಗೆದಂಗ ಒಗೀಲಿಲ್ಲ.

ಆ ನಾಯಿ ನಮಗೆಲ್ಲ ಗೊತ್ತು.
ಹೋದ ವರ್ಷ ತಳ್ಳುಗಾಡಿ ಕೆಳಗ ಮರಿ ಹಾಕಿತ್ತು,
ಗೊತ್ತಿಲ್ದ ಗಾಡಿ ಎಳದವನ ಮೀನಖಂಡ ಹರದಿತ್ತು.
ಐದು ಸೂಜಿ, ಹನ್ನೊಂದು ದಿನದ ಕೂಲಿ.
ನಾಯಿ ಹಿಡ್ಕೊಂಡು ಹೋಗ್ರಿ ಅಂತ
ಕಾರ್ಪೊರೇಷನ್ನಿಗಿ ಅರ್ಜಿ ಕೊಟ್ಟಿದ್ದ, ಎಂಬತ್ತು ಸಹಿ ಹಾಕಿಸಿ.
ಬರೆದುಕೊಟ್ಟದ್ದು ನಾನು.
ಇದೇ ದುಂಡು ಅಕ್ಷರ.
ಎಂಬತ್ತೊಂದನೇ ಸಹಿ ನಂದು.

ಅವ ನನ್ನ ಕಡಿ ನೋಡಲಿಲ್ಲ. ನಾನೂ ನೋಡಲಿಲ್ಲ.
ನಾಯಿ. ಕಪ್ಪು. ಹೆಣ್ಣು. ನಾಕು ವರ್ಷ.
ಮಾಲಕರ ಹೆಸರು?
ಟವೆಲ್ಲಿನಿಂದ ಕುತ್ತಿಗಿ ಒರೆಸ್ಕೊಂಡ.
ಆಮ್ಯಾಲ ಕೇಳಿದ:
ಕಚ್ಚಿಸ್ಕೊಂಡವನ ಹೆಸರು ನಡೀತದೇನು?

ಉಜ್ಮಾ ನಗಲಿಲ್ಲ. ಬರೀರಿ ಅಂದಳು.

ಆಮ್ಯಾಲ ಒಬ್ಬೊಬ್ಬರೇ ಹಿಂದ ಬಂದರು.
ಬ್ರೆಡ್ ಹಾಕೋ ಸಮದ್, ಆರನೇ ಕ್ಲಾಸು,
ಮೂರು ನಾಯಿಗಿ ತನ್ನ ಹೆಸರು ಬರೆಸಿದ, ಇನಿಶಿಯಲ್ ಸಮೇತ.
ಸುಗಲಾಬಾಯಿ ಕುಂಟ ಗಂಡು ನನ್ನದು ಅಂದಳು,
ಊಟಕ್ಕ ನನ್ನದು, ಬೊಗಳಿದ್ರ ನನ್ನದಲ್ಲ.
ಕೆಲವು ಗೆರಿ ಹಂಗೇ ಉಳದವು.

ಮರುವಾರ ಆಪರೇಷನ್ ಆದವು ಹೊಲಿಗಿ ನೆಕ್ಕಬಾರ್ದಂತ
ಕೊಳ್ಳಿಗಿ ಕಟ್ಟೋದು ನನ್ನ ಪಾಲಿಗಿ ಬಂತು.
ಹಳೇ ಎಕ್ಸ್‌ರೇ ಹಾಳಿ ಗೋಲಾಗಿ ಕತ್ತರಿಸಿ
ಅಂಚಿಗಿ ಅಸ್ತರಿನ ಪಟ್ಟಿ ಹಚ್ಚಿದೆ.
ಲಾಲಬೀಯ ಬೆಕ್ಕಿಗಿ ಬಂದದ್ದು ನಮ್ಮ ಅತ್ತಿಯ ಸೊಂಟ.
ನನ್ನ ಎಲುಬು ಬೆಕ್ಕಿನ ಕೊಳ್ಳಾಗ ಹಾಕೀಯೇನವ್ವ, ಅಂತ ಬೈದಳು;
ಸಂಜಿಗಿ ತಾನೇ ಕೋಲು ಊರ್ಕೊಂಡು ಹೋಗಿ ನೋಡಿ ಬಂದಳು.
ನನಗಿಂತ ಛಲೋ ನಡೀತದ, ಅಂದಳು.

ನಾಳೆ ರಜಿಸ್ಟರ್ ವಾಪಸ್ ಕೊಡಬೇಕು.
ಮೂರನೇ ಪುಟ, ಕೆಳಗಿಂದ ಎರಡನೇದು:
ನಾಯಿ, ಹಳದಿ, ಹೆಣ್ಣು, ವಯಸ್ಸು ಆರೋ ಏಳೋ.
ನನ್ನ ಅಂಗಡಿ ಮೆಟ್ಟಿಲ ಕೆಳಗ ಮಲಗೋದು ಅದು,
ಮಿಷನ್ ನಿಂತರ ಎದ್ದು ನೋಡ್ತದ.
ಅದಕ್ಕೂ ಗೆರಿನೇ ಎಳದಿದ್ದೆ,
ಯಾರೂ ಕೇಳಲಿಲ್ಲ.

ಮಿಷನ್ ನಿಲ್ಲಿಸೀನಿ.
ಕೆಳಗ ಅದು ಮೈ ಝಾಡಿಸಿದ ಸಪ್ಪಳ.
ಗೆರಿ ಮ್ಯಾಲ ಬರೆದರ ಅಕ್ಷರ ಚಂದ ಬರಂಗಿಲ್ಲ.