ಒಂದು ಮೊಳ ದೂರ

ಕೌಲಿ ಮುಟ್ಟಿಸಿಕೊಳ್ಳುವ ದನವಲ್ಲ.
ಮಲೆನಾಡು ಗಿಡ್ಡ; ನನ್ನ ಸೊಂಟಕ್ಕೂ ಬರುವುದಿಲ್ಲ,
ಒದ್ದರೆ ಮಾತ್ರ ಚೊಂಬು ಗೊಬ್ಬರಗುಂಡಿಗೇ ಹೋಗಿ ಬೀಳಬೇಕು.
ಹನ್ನೊಂದು ವರ್ಷ ಹಾಲು ಕರೆದ ಈ ಕೈಗೆ
ಅವಳ ಹಿಂಗಾಲಿಗೆ ಹಗ್ಗ ಬಿಗಿಯದೆ ಧೈರ್ಯವಿರಲಿಲ್ಲ.

ರಿದಾಳೂ ಹಾಗೆಯೇ.
ಗುರುವಾರದ ವ್ಯಾನಿನಲ್ಲಿ ಭದ್ರಾವತಿಯಿಂದ ಬರುವವಳು,
ಒಂಬತ್ತು ವರ್ಷ, ಕಿವಿಗೆ ದಪ್ಪ ಹೆಡ್‌ಫೋನು,
ಅಂಗಿಯ ಲೇಬಲ್ಲು ಕತ್ತರಿಸಿಯೇ ತೊಡಿಸಬೇಕಂತೆ.
ಮೊದಲ ದಿನ ಇಳಿಸಲೆಂದು ಕೈ ಹಿಡಿದೆ, ಪ್ರೀತಿಯಿಂದಲೇ.
ಆ ಕೂಗಿಗೆ ಆಯನೂರಿನ ತನಕ ಕಾಗೆಗಳು ಎದ್ದವು.
"ದೇವೀರಮ್ಮ, ಕೇಳದೆ ಮುಟ್ಟಬೇಡಿ" ಎಂದರು ಟೀಚರು.
ಮಾತಾಡದ ಮಗುವನ್ನು ಕೇಳುವುದು ಹೇಗೆ?

ಉಳಿದ ಮಕ್ಕಳು ಕೋಳಿಗೆ ನುಚ್ಚು ಎರಚಿದರು,
ಗಾಲಿಕುರ್ಚಿಯ ಸುಮಂತನ ಮಡಿಲಲ್ಲಿ ಆಡಿನ ಮರಿ ಉಚ್ಚೆ ಹೊಯ್ದು
ಅವನು ನಕ್ಕು ನಕ್ಕು ಬಿಕ್ಕಳಿಸಿದ.
ರಿದಾ ಮಾತ್ರ ಕೊಟ್ಟಿಗೆಯಲ್ಲಿ,
ಕೌಲಿಯಿಂದ ಒಂದು ಮೊಳ ದೂರ.
ಇವಳು ಅವಳನ್ನು ನೋಡಲಿಲ್ಲ, ಅವಳು ಇವಳನ್ನು.
ಇಬ್ಬರೂ ನೊಣ ನೋಡಿದರು.

ಮೂರು ಗುರುವಾರ ಇಷ್ಟೇ.
ನಾಲ್ಕನೆಯದಕ್ಕೆ ಹೆಡ್‌ಫೋನು ಕುತ್ತಿಗೆಗೆ ಇಳಿದಿತ್ತು.
ಮೂಗಿನೊಳಗೇ ಒಂದು ಸದ್ದು ತೆಗೆದಳು,
ಹಾಡಲ್ಲ, ರಾಗವಲ್ಲ,
ಹಿಟ್ಟಿನ ಗಿರಣಿ ದೂರದಲ್ಲಿ ತಿರುಗಿದ ಹಾಗೆ ಒಂದೇ ಸಮ.
ಕೌಲಿಯ ಒಂದು ಕಿವಿ ಇತ್ತ ಹೊರಳಿತು.
ಮೆಲುಕು ನಿಂತಿತು,
ಮತ್ತೆ ಶುರುವಾಯಿತು, ಆ ಸದ್ದಿನ ಲೆಕ್ಕಕ್ಕೆ.
ನಾನಿನ್ನೂ ಕೆಚ್ಚಲು ತೊಳೆದಿಲ್ಲ, ಕರು ಬಿಟ್ಟಿಲ್ಲ,
ಸೊರ ಬಿಟ್ಟಳು!
ತಾನಾಗಿ ತೊಟ್ಟಿಕ್ಕುವ ಹಾಲು
ಒಣಹುಲ್ಲಿನ ಮೇಲೆ ಟಪ್, ಟಪ್.
ಹಗ್ಗ ನನ್ನ ಹೆಗಲ ಮೇಲೇ ಉಳಿಯಿತು.

ರಿದಾ ಒಂದು ಬೆರಳು ಚಾಚಿದಳು.
ಕೊಂಬಿಗಲ್ಲ, ಹಣೆಗಲ್ಲ,
ಬೆನ್ನ ಮೇಲೆ ಚರ್ಮ ನಡುಗುವ ಜಾಗಕ್ಕೆ.
ನಡುಗಿತು. ಬೆರಳು ಹಿಂದೆ ಬಂತು.
ಮತ್ತೆ ಹೋಯಿತು.

ಟೀಚರು ಫೈಲಿನಲ್ಲಿ ಏನೋ ಬರೆದುಕೊಂಡರು.
ವಾಪಸು ಹೋಗುವಾಗ ಎಂದಿನಂತೆ ದಾರಿಯುದ್ದ ಕಿರುಚಿದಳೆಂದು
ಮರುವಾರ ಡ್ರೈವರು ಹೇಳಿದ.

ದಸರಾ ರಜೆ. ವ್ಯಾನು ಬರಲಿಲ್ಲ.
ಕೌಲಿ ಹಾಲು ಕಳ್ಳುತ್ತಾಳೆ, ಎರಡು ಹೊತ್ತೂ.
ನಾನೇ ಮೂಗಿನಲ್ಲಿ ಗುಂಯ್ ಅಂದೆ.
ತಿರುಗಿ ನೋಡಿ,
ಸಗಣಿ ಮೆತ್ತಿದ ಬಾಲದಿಂದ ಕೆನ್ನೆಗೊಂದು ಕೊಟ್ಟಳು.
ಸರಿ ತಾಯಿ.
ಮಣೆ ಹಿಂದಕ್ಕೆಳೆದು
ಒಂದು ಮೊಳ ದೂರದಲ್ಲಿ ಕೂತೆ,
ಚೊಂಬು ಮಡಿಲಲ್ಲಿ.
ಆ ಕಿವಿ ಯಾವಾಗ ಹೊರಳುತ್ತದೋ ನೋಡೋಣ.