ಕೆಳಮನೆಯ ಬಿಸಿ

ಪೆರ್ನಿಕ್ ಊರಿನ ಆರಂತಸ್ತಿನ ಕಾಂಕ್ರೀಟು ಕಟ್ಟಡ,
ನಾಲ್ಕನೆಯದರಲ್ಲಿ ನಾನು.
ಅಕ್ಟೋಬರ್ ಕೊನೆಗೆ ಊರಿನ ಬಾಯ್ಲರು ಒಮ್ಮೆ ಕೆಮ್ಮಿ
ಕೊಳವೆಗಳಿಗೆ ಬಿಸಿನೀರು ಬಿಡುತ್ತದೆ.
ರೇಡಿಯೇಟರು ರೇಡಿಯೇಟರಿನ ಎದೆಗೂ ಒಂದು ಪುಟ್ಟ ಡಬ್ಬಿ,
ಎಷ್ಟು ಕಾಯಿಸಿಕೊಂಡೆಯೋ ಅಷ್ಟು ಕೊಡು ಎಂದು
ಕಣ್ಣು ಮಿಟುಕಿಸುತ್ತ.

ನಾನು ಬಿಟ್ಟೇನೆ?
ಮೂರರಲ್ಲಿ ಎರಡರ ತಿರುಪು ಬಿಗಿದು ಕೂರಿಸಿದೆ.
ಮೂರನೆಯದರ ಬೆನ್ನಿಗೆ ಬೆಳ್ಳಿಕಾಗದ ಅಂಟಿಸಿದೆ,
ಗೋಡೆ ಕುಡಿಯುವ ಬಿಸಿ ನನ್ನತ್ತ ತಿರುಗಲಿ ಅಂತ.
ಬಾಗಿಲಸಂದಿಗೆ ಹಳೇ ಕಾಲುಚೀಲಗಳ ಹಾವು,
ಹೊಟ್ಟೆತುಂಬ ಚಿಂದಿಬಟ್ಟೆ.
ಸಂಜೆ ನಾಲ್ಕೂವರೆಗೆ, ಗಾಜಿನ ಮೇಲೆ ಬೆಳಕು ಆರುವ ಮೊದಲೇ,
ಕಂಬಳಿಯ ಪರದೆ ಸರ್ರನೆ ಎಳೆದೆ.
ಬೀನ್ಸಿನ ಸಾರು ಕಾಲು ಗಂಟೆ ಕುದಿದರೆ ಸಾಕು:
ಪಾತ್ರೆಗೆ ಮುಚ್ಚಳ, ಮುಚ್ಚಳಕ್ಕೆ ಟವೆಲು, ಟವೆಲಿಗೆ ರಜಾಯಿ.
ಮಂಚದ ಮೇಲೆ ಮಲಗಿಸಿ ಶಾಲೆಗೆ ಹೋದರೆ
ನಾನು ಬರುವಷ್ಟರಲ್ಲಿ ನಿದ್ದೆಯಲ್ಲೇ ಬೆಂದಿರುತ್ತಿತ್ತು.

ಸ್ಟಾಫ್ ರೂಮಿನಲ್ಲಿ ನನ್ನ ಲೆಕ್ಕದ ಪುಸ್ತಕ
ಕೈಯಿಂದ ಕೈಗೆ ಓಡಾಡಿತು.
ಸ್ಪಾಸ್ಕಾ ನಿಟ್ಟುಸಿರಿಟ್ಟಳು:
‘ಅರ್ಧ ಬಿಲ್ಲು! ಅದು ಹೇಗೆ ಸಾಧ್ಯವೇ?’
ಹೇಳಿಕೊಟ್ಟೆ. ಬೇಕಂತಲೇ ನಿಧಾನವಾಗಿ ಹೇಳಿಕೊಟ್ಟೆ.

ಜನವರಿ ಹನ್ನೊಂದು. ಮಂಚದಿಂದ ಕಾಲಿಳಿಸಿದೆ,
ನೆಲ ಅಂಗಾಲನ್ನು ಕಚ್ಚಿತು.
ಹಾವು ಹಾವಿನ ಜಾಗದಲ್ಲೇ ಇತ್ತು.
ಪರದೆ ಸರಿದಿರಲಿಲ್ಲ, ಕಾಗದ ಸುಲಿದಿರಲಿಲ್ಲ.
ಹತ್ತೊಂಬತ್ತರಲ್ಲಿ ಕೂತಿರುತ್ತಿದ್ದ ಪಾದರಸ
ಹದಿನಾಲ್ಕಕ್ಕೆ ಇಳಿದು ಮುದುಡಿತ್ತು.
ಸಂಜೆ ರಜಾಯಿ ಬಿಚ್ಚಿದರೆ
ಬೀನ್ಸು ಹಲ್ಲಿಗೆ ಕಟುಕ್ ಅಂದವು.

ಮೂರನೆಯ ದಿನ ಲಿಫ್ಟಿನ ಬಳಿ ಬೊಂಚೋ ಅಂದ:
‘ಕೆಳಗಿನ ಝ್ಲಾತ್ಕಾ ಮಗು ಎತ್ತಿಕೊಂಡು
ವಿದಿನ್‌ಗೆ ತಾಯಿಮನೆಗೆ ಹೋಗಿದ್ದಾಳಲ್ಲ, ಎರಡು ವಾರ.
ತಿರುಪೆಲ್ಲ ಮುಚ್ಚಿ ಹೋಗಿದ್ದಾಳೆ.’

ಅವತ್ತು ಎಂಟನೇ ತರಗತಿಗೆ ಪಾಠ ಇತ್ತು.
ಬೋರ್ಡಿನ ಮೇಲೆ ಬರೆದೆ:
ಶಾಖ ಬಿಸಿಯಿರುವ ಕಡೆಯಿಂದ ತಣ್ಣಗಿರುವ ಕಡೆಗೆ ಹರಿಯುತ್ತದೆ.
ಇಪ್ಪತ್ತಾರು ವರ್ಷದಿಂದ ಇದೇ ವಾಕ್ಯ, ಇದೇ ಕೈಬರಹ.
ಸೀಮೆಸುಣ್ಣ ನಿಂತಿತು.
ಹಿಂದಿನ ಬೆಂಚಿನ ಹುಡುಗ ಕೇಳಿದ:
‘ಎಲ್ಲಿಯವರೆಗೆ ಹರಿಯುತ್ತೆ, ಮಿಸ್?’
‘ಎರಡೂ ಒಂದೇ ಆಗುವವರೆಗೆ.’

ಎಂಟು ತಿಂಗಳ ಕೂಸಿಗೆಂದು ಅವಳು ಪೂರ್ತಿ ತೆರೆದ ತಿರುಪು,
ರಾತ್ರಿ ಎರಡಕ್ಕೆ ಎದ್ದು ಕಾಯಿಸಿದ ಹಾಲು,
ಒಣಗಲು ಹರವಿದ ತೊಟ್ಟಿಲಬಟ್ಟೆಯ ಹಬೆ
ಗಂಟೆ ಬಾರಿಸದೆ ನನ್ನ ಮನೆಗೆ ಹತ್ತಿ ಬಂದಿತ್ತು.
ಲೆಕ್ಕ ಅವಳ ಡಬ್ಬಿಯಲ್ಲಿ.
ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರೆ.
ಚಾಚಿದ್ದೆ, ಸರಿಯಾಗಿಯೇ ಚಾಚಿದ್ದೆ,
ಹಾಸಿಗೆ ಯಾರದು ಅಂತ ನೋಡಿರಲಿಲ್ಲ.

ಹಾವನ್ನು ಬಿಸಾಡಲಿಲ್ಲ. ಬೆಳ್ಳಿಕಾಗದ ಕೀಳಲಿಲ್ಲ.
ಮುಚ್ಚಳ, ಪರದೆ, ರಜಾಯಿ,
ಇವು ನನ್ನವೇ; ಯಾರಿಂದಲೂ ಕಡ ತಂದದ್ದಲ್ಲ.
ಆದರೆ ಅವರು ಬರುವ ಹಿಂದಿನ ದಿನ
ಬಿಗಿದು ಕೂರಿಸಿದ್ದ ಎರಡೂ ತಿರುಪು ಸಡಿಲಿಸಿದೆ.
ಬಣ್ಣ ಹಿಡಿದು ಅಂಟಿಕೊಂಡಿದ್ದವು, ಇಕ್ಕಳ ಬೇಕಾಯಿತು.
ಬಿಸಿ ಮೇಲಿಂದ ಕೆಳಕ್ಕೂ ಇಳಿದೀತೇ?
ಇಳಿಯುತ್ತದೆ. ತಡವಾಗಿ, ಸ್ವಲ್ಪವೇ,
ತಣ್ಣಗಿದ್ದರೆ ಆ ಕಡೆಗೆ.

ಸಾರಿನ ಪಾತ್ರೆ ರಜಾಯಿ ಸಮೇತ ಅಪ್ಪಿಕೊಂಡು ಕೆಳಗಿಳಿದೆ.
ಝ್ಲಾತ್ಕಾ ಬಾಗಿಲು ತೆರೆದು ಹೆದರಿದಳು,
ಇನ್ನೊಂದು ಮಗು ಅಂದುಕೊಂಡಳಂತೆ.
ಲೆಕ್ಕದ ಮಾತು ಗಂಟಲಲ್ಲೇ ಉಳಿಯಿತು.
‘ಬೀನ್ಸು,’ ಅಂದೆ. ‘ಇನ್ನೂ ಬೇಯುತ್ತಾ ಇದೆ.’

ಈಗೀಗ ಸೂರು ನೋಡುತ್ತ ಮಲಗುತ್ತೇನೆ.
ಮೇಲಿನ ಗಾಂಚೋ ಚಳಿಗಾಲ ಪೂರ್ತಿ
ಒಂದು ತಿರುಪೂ ತೆರೆಯುವವನಲ್ಲವಂತೆ.
ಅವನ ಚಪ್ಪಲಿ ಕಿಟಕಿಯವರೆಗೆ ಹೋಗಿ ವಾಪಸು ಬರುತ್ತದೆ.
ಬೆಚ್ಚಗಿದೆಯಾ ಅಂತ ಒಮ್ಮೆ ಕೇಳಬೇಕು.
ಇನ್ನೂ ಕೇಳಿಲ್ಲ.