ತೆಗೆದಿಟ್ಟ ಎಂಜಿನ್ನಿಗೆ

ಆರು ತಿಂಗಳು ನೀನು ಶೆಡ್ಡಿನ ಮೂಲೆಯಲ್ಲಿ
ಸವೆದ ಟಯರೊಂದರ ಮೇಲೆ ಕೂತಿದ್ದೆ.
ಎಂಬತ್ತಾರರ ಎರಕ, ಹದಿನಾರು ವಾಲ್ವು,
ಅಡಿಯಲ್ಲಿ ಬಿಸ್ಕತ್ತಿನ ಡಬ್ಬಿಯ ಮುಚ್ಚಳ,
ಅದರೊಳಕ್ಕೆ ದಿನಕ್ಕೊಂದು ಹನಿ ಎಣ್ಣೆ.
ಬೆಳಿಗ್ಗೆ ಬಾಗಿಲು ತೆಗೆದರೆ ಮೊದಲು ಕಾಣುತ್ತಿದ್ದವ ನೀನೇ.
ನಿನಗೆ ಬೆನ್ನು ಹಾಕಿ ಅವನ ಕೆಲಸ ಮಾಡುತ್ತಿದ್ದೆ.

ಅವನು ರೆಕ್ಸಮ್ಮಿನ ಗುಜರಿಯಿಂದ ಬಂದವನು.
ಲಾರಿ ಹಿಂದಿನಿಂದ ಗುದ್ದಿ
ಡಿಕ್ಕಿಯೆಲ್ಲ ಸೀಟಿನ ಮೇಲೆ ಬಂದು ಕೂತಿದ್ದ ಹೋಂಡಾ.
ಮುಂದೆ ಮಾತ್ರ ಒಂದು ಗೀರಿಲ್ಲ.
ಗೇರ್‌ಬಾಕ್ಸ್ ಸೇರಿ ಸಾವಿರದ ಇನ್ನೂರು ಪೌಂಡು,
ಸ್ಕೂಲ್ ಬಸ್ಸುಗಳ ಬ್ರೇಕ್ ಬದಲಿಸಿ ಕೂಡಿಟ್ಟದ್ದು.

ಮನೆಅಳಿಯನನ್ನು ತಂದುಕೊಂಡ ಹಾಗಾಯಿತು.
ಗಂಡು ಚೆಂದ, ಬಲಶಾಲಿ,
ಬಾಗಿಲು ಮಾತ್ರ ಅವನ ಅಳತೆಯದಲ್ಲ.
ಟೊಯೋಟದ ಕಿವಿಗೆ ಹೋಂಡಾದ ಬೋಲ್ಟು ಕೂರದೆ
ಆರು ಮಿಲಿಮೀಟರ್ ಉಕ್ಕು ಕತ್ತರಿಸಿ, ಬೆಸೆದು,
ಅಳೆದು, ಬೈದು, ಮತ್ತೆ ಕತ್ತರಿಸಿ
ನವೆಂಬರ್ ಮುಗಿಯಿತು.
ಆಕ್ಸಲ್ಲಿನ ಒಂದು ತುದಿ ಅವನದು, ಇನ್ನೊಂದು ನಿನ್ನ ಕಾಲದ್ದು,
ನಡುವೆ ಲೇತಿನವನ ಸಾಲ.

ತಂತಿಗಳನ್ನು ಅಡುಗೆಮನೆಯ ಮೇಜಿಗೆ ತಂದೆವು.
ಸಿಕ್ಕು ಬಿಡಿಸಿದ ಜಡೆಯ ಹಾಗೆ ಹರವಿ
ಮಗಳು ಮಬ್ಲಿ ಎಳೆಎಳೆಗೂ ಚೀಟಿ ಅಂಟಿಸಿದಳು:
ಇದು ಫ್ಯಾನು, ಇದು ಆಮ್ಲಜನಕ,
ಇದು ಬೀಗ ಹಾಕಿದೆಯೇ ಎಂದು ಕೇಳುವುದು.
"ಯಾರಿಗೂ ಬೇಡದ್ದು" ಅಂತ ಒಂಬತ್ತು ಚೀಟಿ.
ಪಕ್ಕದ ಮನೆಯ ಎಮ್ರಿಸ್ ಬಂದು ನೋಡಿ
ಮೂಗಿಗಿಂತ ಮೂಗುತಿ ಭಾರವಾಯ್ತಲ್ಲೋ ಗೆಥಿನ್, ಅಂದ.
ಅಂದವನೇ ಟಾರ್ಚ್ ಹಿಡಿದು ರಾತ್ರಿ ಹನ್ನೊಂದರವರೆಗೆ ನಿಂತ.

ಏಪ್ರಿಲ್. ದ್ವೀಪದ ಅಂಚಿನ ಟ್ರ್ಯಾಕು.
ಬೇಲಿಯಾಚೆ ಕುರಿ, ಕುರಿಯಾಚೆ ಸಮುದ್ರ,
ಗಾಳಿ ಹೆಲ್ಮೆಟ್ಟನ್ನು ಕೈಯಿಂದ ಕಸಿಯುವಷ್ಟು.
ಮೊದಲ ಸುತ್ತಿನಲ್ಲೇ ಗೊತ್ತಾಯಿತು
ಅವನಿಗೆ ನೇರದಾರಿ ಸಾಲದು.
ಮೂರನೇ ಸುತ್ತಿನಲ್ಲಿ
ಸಮುದ್ರದ ಕಡೆ ಇಳಿಯುವ ತಿರುವು ಬಂತು.
ನಾನು ಕಾಯುತ್ತಲೇ ಇದ್ದೆ.
ಏನನ್ನು ಗೊತ್ತೇ?
ನಿನ್ನ ಕೂಗನ್ನು.
ಏಳು ಸಾವಿರಕ್ಕೆ ನೀನು ಗಂಟಲು ಹರಿದು ಕೂಗಿದಾಗ
ಬ್ರೇಕು ಒತ್ತುತ್ತಿದ್ದೆ, ಹನ್ನೊಂದು ವರ್ಷ.
ಅಲ್ಲೊಂದು ನೂರು ಮೀಟರಿನ ಫಲಕವಿದೆಯಂತೆ,
ನಾನೆಂದೂ ನೋಡಿರಲಿಲ್ಲ.
ಏಳು ಸಾವಿರಕ್ಕೆ ಅವನಿನ್ನೂ ಪಿಸುಮಾತು.

ಜಲ್ಲಿಕಲ್ಲಿನಲ್ಲಿ ಮೂತಿ ಹುಗಿದು ನಿಂತಾಗ
ಎಂಜಿನ್ ಇನ್ನೂ ಓಡುತ್ತಿತ್ತು, ಅಚ್ಚುಕಟ್ಟಾಗಿ,
ಏನೂ ಆಗಿಲ್ಲವೆಂಬಂತೆ.
ಮಾರ್ಷಲ್ ಬಂದು ಹಗ್ಗ ಕಟ್ಟಿದ.
ಮಬ್ಲಿ ಗಡಿಯಾರ ತೋರಿಸಿದಳು:
ಕೆಡುವ ಮುಂಚಿನ ಸುತ್ತು ನಿನಗಿಂತ ಆರು ಸೆಕೆಂಡು ಬೇಗ.
ಅಪ್ಪ, ಇನ್ನು ಮೇಲೆ ಕಣ್ಣಲ್ಲಿ ಓಡಿಸು, ಅಂದಳು.

ಮೇ ತಿಂಗಳಲ್ಲಿ ಅಬರ್‌ಗೆಲೆಯ ಡೆಲಿತ್ ಬಂದಳು,
ಮನೆಮನೆಗೆ ಅಂಚೆ ಹಂಚುವವಳು.
ಅವಳದೂ ಇದೇ ಕಾರು, ಇದೇ ಕೆಂಪು, ರಾಡು ಮುರಿದಿದೆ,
ಬೇರೆ ಎಂಜಿನ್ ಕೂರಿಸಲು ಮನಸ್ಸೊಪ್ಪುವುದಿಲ್ಲವಂತೆ.
ಇನ್ನೂರು ಅಂದೆ. ಕೊಟ್ಟಳು.
ಪೆಟ್ರೋಲಿಗಿರಲಿ ಎಂದು ಇಪ್ಪತ್ತು ವಾಪಸು ಕೊಟ್ಟೆ.
ಮೂರನೇ ಸಿಲಿಂಡರ್ ತಣ್ಣಗಿದ್ದಾಗ ಟಿಕ್ ಟಿಕ್ ಅನ್ನುತ್ತದೆ,
ಹೆದರಬೇಡಿ, ಬಿಸಿಯಾದರೆ ಸುಮ್ಮನಾಗುತ್ತದೆ, ಅಂದೆ.
ವ್ಯಾನಿನಲ್ಲಿ ನಿನಗೆ ಕಂಬಳಿ ಹೊದಿಸಿದಳು.

ನಿನ್ನೆ ಸಂಜೆ ಫೋನು.
ಹಚ್ಚಿದ್ದೇನೆ, ಕೇಳಿ, ಎಂದು
ನಿನ್ನ ಹತ್ತಿರ ಹಿಡಿದಳು.
ಶೆಡ್ಡಿನಲ್ಲಿ ಒಬ್ಬನೇ ನಿಂತು ಕೇಳಿದೆ.
ಉಸಿರು ಸಮ. ಲಯ ಸಮ.
ವಾಲ್ವುಗಳನ್ನೆಲ್ಲ ಸರಿಮಾಡಿಸಿದೆ, ಅಂದಳು,
ಈಗೊಂದು ಚೂರೂ ಸದ್ದಿಲ್ಲ, ಅಲ್ಲವೇ?

ಹೌದು, ತುಂಬಾ ಚೆನ್ನಾಗಿದೆ, ಅಂದೆ.
ಮುಚ್ಚಳ ಇನ್ನೂ ಟಯರಿನ ನಡುವೆಯೇ ಇತ್ತು.
ಬೆಳಿಗ್ಗೆ ಪೂರ್ತಿ ತಣ್ಣಗಾಗಿರುತ್ತದಲ್ಲ,
ಆಗೊಮ್ಮೆ ಹಚ್ಚಿ,
ಫೋನು ಮಾಡುತ್ತೀರಾ, ಅಂದೆ.